ತಪ್ಪಿದ ಮಕ್ಕಳನ್ನು ತಿದ್ದುವುದು ಹೇಗೆ?

ಈ ವಾರ ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ.

2008ರ ಮಾತು. ನಾನು ಗುರುದೀಕ್ಷೆ ಪಡೆದು ಮೂರನೆಯ ವರ್ಷ. ಒಂದು ದೊಡ್ಡ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ವಾರ್ಷಿಕ ಹಬ್ಬ ಹತ್ತಿರವಾಗಿತ್ತು. ತೇರಿನ ಅಲಂಕಾರಕ್ಕೂ ದೀಪಕ್ಕೂ ಯುವಜನ ಸಂಘದವರು ಮನೆಮನೆಗೆ ಹೋಗಿ ವಂತಿಗೆ ಎತ್ತಿದ್ದರು. ರಸೀದಿ ಪುಸ್ತಕಕ್ಕೂ ಕೈಯಲ್ಲಿದ್ದ ಹಣಕ್ಕೂ ತಾಳೆ ನೋಡಿದಾಗ ನಾಲ್ಕು ಸಾವಿರ ರೂಪಾಯಿ ಕಡಿಮೆ ಬಂತು. ಪುಸ್ತಕ ಇಟ್ಟುಕೊಂಡಿದ್ದವನು ದ್ವಿತೀಯ ಪಿಯುಸಿ ಓದುತ್ತಿದ್ದ ಹುಡುಗ. ಗಾನವೃಂದದಲ್ಲಿ ತಬಲ ನುಡಿಸುತ್ತಿದ್ದ. ಮೂರು ನಾಲ್ಕು ಜನ ನನ್ನ ಬಳಿ ಬಂದು, "ಅವನೇ ತೆಗೆದದ್ದು ಫಾದರ್" ಎಂದು ಹೇಳಿಹೋದರು. ನಾನು ಅವನನ್ನು ಕರೆದು ಕೇಳಲಿಲ್ಲ. ಭಾನುವಾರದ ಪೂಜೆಯಲ್ಲಿ, ಪರಮಪ್ರಸಾದದ ನಂತರ ಪ್ರಕಟಣೆಗಳನ್ನು ಓದುವಾಗ, "ದೇವರ ಹೆಸರಿನಲ್ಲಿ ಎತ್ತಿದ ಹಣಕ್ಕೆ ಕೈಹಾಕಿದವರು ಈ ಪೀಠದ ಹತ್ತಿರವೇ ನಿಂತು ಹಾಡುತ್ತಿದ್ದಾರೆ. ಹಬ್ಬದೊಳಗೆ ಅದು ಹಿಂದಿರುಗಲಿ" ಎಂದುಬಿಟ್ಟೆ.

ಹೆಸರು ಹೇಳಿರಲಿಲ್ಲ. ಹೇಳಲಿಲ್ಲವಲ್ಲ ಎಂಬ ಸಮಾಧಾನವೂ ನನಗಿತ್ತು. ಆದರೆ ದೇವಾಲಯದ ತಲೆಗಳೆಲ್ಲ ಗಾನವೃಂದದ ಕಡೆಗೆ ತಿರುಗಿದವು. ಕೊನೆಯ ಹಾಡಿಗೆ ತಬಲ ಕೇಳಿಸಲಿಲ್ಲ.

ಹತ್ತು ದಿನಗಳಾದ ಮೇಲೆ ಅವನ ತಾಯಿ ಬಂದರು. ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಮೇಜಿನ ಮೇಲಿಟ್ಟರು. "ಎಣಿಸಿಕೊಳ್ಳಿ ಸ್ವಾಮಿ. ನನ್ನ ಮಗ ತಪ್ಪು ಮಾಡಿದ್ದು ಹೌದು. ಯಾರದೋ ಹಳೇ ಮೊಬೈಲು ಕೊಂಡಿದ್ದ. ಆದರೆ ನನ್ನನ್ನು ಒಂದು ಸಲ ಕರೆಸಿ ಹೇಳಿದ್ದರೆ ಸಾಕಿತ್ತು" ಎಂದರು. ಲೆಕ್ಕ ಸರಿಹೋಯಿತು. ಹಣ ಬಂತು, ಹುಡುಗ ಬರಲಿಲ್ಲ. ಎರಡು ಬಾರಿ ಅವನ ಮನೆಗೆ ಹೋದೆ. ಎರಡು ಸಲವೂ ನನ್ನ ದನಿ ಕೇಳುತ್ತಲೇ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದ. ಮರುವರ್ಷ ನನಗೆ ವರ್ಗವಾಯಿತು.

ಗುರುಮಠದಲ್ಲಿ ನಾಲ್ಕು ವರ್ಷ ದೈವಶಾಸ್ತ್ರ ಓದಿದ್ದ ನನಗೆ ಸೋದರ ತಿದ್ದುಪಡಿಯ ಬಗ್ಗೆ ಪರೀಕ್ಷೆಯಲ್ಲಿ ಬರೆಯಲು ಬರುತ್ತಿತ್ತು. ಒಬ್ಬ ಹುಡುಗನನ್ನು ತಿದ್ದಲು ಬರಲಿಲ್ಲ. ಅಂದಿನಿಂದ ಈ ವಿಷಯವನ್ನು ಮತ್ತೆ ಮೊದಲಿನಿಂದ ಕಲಿಯುತ್ತಿದ್ದೇನೆ. ಕಲಿತಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಪ್ರಭು ಕಲಿಸಿದ ಕ್ರಮ

ತಪ್ಪು ಮಾಡಿದ ಸೋದರನೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಯೇಸುಸ್ವಾಮಿ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಬಹಳ ಸ್ಪಷ್ಟವಾಗಿ ಹೇಳಿದ್ದಾರೆ (18:15-17). ಮೊದಲು ನೀನೊಬ್ಬನೇ ಹೋಗಿ, ಅವನೊಬ್ಬನೇ ಇರುವಾಗ ಅವನ ತಪ್ಪನ್ನು ತಿಳಿಸಬೇಕು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗಬೇಕು. ಅವರ ಮಾತನ್ನೂ ಕೇಳದಿದ್ದರೆ ಆಗ ಸಭೆಗೆ ತಿಳಿಸಬೇಕು.

ನಾವು ಮಾಡುವುದು ಏನು? ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ಮೊದಲು ಊರಿಗೆಲ್ಲ ತಿಳಿಯುತ್ತದೆ. ಆಮೇಲೆ ಪಾಲನಾ ಸಮಿತಿಗೆ, ನಂತರ ಗುರುಗಳಿಗೆ, ಆ ಮೇಲೆ ತಂದೆತಾಯಿಗೆ. ಎಲ್ಲರಿಗೂ ತಿಳಿದ ಮೇಲೆ ಕಟ್ಟಕಡೆಗೆ ತಪ್ಪು ಮಾಡಿದ ಮಗುವಿನ ಕಿವಿಗೆ ಬೀಳುತ್ತದೆ. ಪ್ರಭು ಮೊದಲ ಮೆಟ್ಟಿಲಾಗಿ ಇಟ್ಟದ್ದನ್ನು ನಾವು ಹತ್ತುವುದೇ ಇಲ್ಲ.

ಆ ಮೊದಲ ಮೆಟ್ಟಿಲಿನ ಉದ್ದೇಶವೇನು ಎಂಬುದನ್ನೂ ಪ್ರಭು ಅಲ್ಲೇ ಹೇಳಿದ್ದಾರೆ. ಅವನು ಕೇಳಿದರೆ ನೀನು ನಿನ್ನ ಸೋದರನನ್ನು ಗಳಿಸಿಕೊಂಡಂತೆ. ಇಲ್ಲಿ 'ಗಳಿಸು' ಎನ್ನುವುದಕ್ಕೆ ಬಳಸಿರುವ ಗ್ರೀಕ್ ಪದ ವ್ಯಾಪಾರದಲ್ಲಿ ಲಾಭ ಮಾಡಿಕೊಳ್ಳುವುದಕ್ಕೆ ಬಳಸುವ ಪದ. ತಲೆಂತುಗಳ ಸಾಮತಿಯಲ್ಲಿ ಸೇವಕರು ಗಳಿಸಿದ ಲಾಭಕ್ಕೂ ಮತ್ತಾಯ ಬಳಸಿರುವುದು ಇದೇ ಪದ. ಎಂದರೆ ತಿದ್ದುವಿಕೆಯಲ್ಲಿ ಲಾಭವೆಂದು ಬರೆದುಕೊಳ್ಳಬೇಕಾದದ್ದು ಒಬ್ಬ ಸೋದರ. ವಾದದಲ್ಲಿ ಗೆದ್ದದ್ದಾಗಲಿ, ಸಂಘದ ಮಾನ ಉಳಿಸಿಕೊಂಡದ್ದಾಗಲಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಸೋದರ ಕೈಬಿಟ್ಟುಹೋದನೆಂದರೆ, ಹಣದ ಲೆಕ್ಕ ಪೈಸೆ ಪೈಸೆಗೆ ಸರಿಯಾದರೂ ನಮಗೆ ಆದದ್ದು ನಷ್ಟವೇ.

ಈ ಮಾತುಗಳ ಹಿಂದೆ ಮುಂದೆ ಏನಿದೆ ಎಂದು ಬೈಬಲ್ ತೆರೆದು ನೋಡಿ. ಹಿಂದೆ ಇರುವುದು ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿಹೋದ ಕುರುಬನ ಸಾಮತಿ. ಮುಂದೆ ಇರುವುದು, ಎಷ್ಟು ಸಲ ಕ್ಷಮಿಸಬೇಕು ಎಂಬ ಪೇತ್ರನ ಪ್ರಶ್ನೆ ಮತ್ತು ಪ್ರಭುವಿನ ಉತ್ತರ. ಹುಡುಕಾಟಕ್ಕೂ ಕ್ಷಮೆಗೂ ನಡುವೆ ಪ್ರಭು ತಿದ್ದುವಿಕೆಯನ್ನು ಇಟ್ಟಿದ್ದಾರೆ. ಇಬ್ಬರು ಮೂವರು ತಮ್ಮ ಹೆಸರಿನಲ್ಲಿ ಕೂಡಿದಲ್ಲಿ ತಾವಿರುವುದಾಗಿ ಪ್ರಭು ಕೊಟ್ಟ ಭರವಸೆಯೂ ಇದೇ ಸ್ಥಳದಲ್ಲಿದೆ (18:20). ಪ್ರಾರ್ಥನಾ ಕೂಟಗಳಲ್ಲಿ ನಾವು ಅದನ್ನು ಮತ್ತೆ ಮತ್ತೆ ನೆನೆಯುತ್ತೇವೆ. ದಾರಿ ತಪ್ಪಿದ ಹುಡುಗನ ಮನೆಗೆ ಇಬ್ಬರು ಹಿರಿಯರು ಸಂಜೆ ನಡೆದುಹೋಗುವಾಗಲೂ ಪ್ರಭು ಅವರ ಜೊತೆ ನಡೆಯುತ್ತಾರೆ ಎಂಬುದನ್ನು ಮರೆಯಬಾರದು.

ಸಭೆಯ ಮಾತನ್ನೂ ಕೇಳದವನನ್ನು ಅನ್ಯನಂತೆ, ಸುಂಕದವನಂತೆ ಕಾಣಬೇಕೆಂದು ಪ್ರಭು ಹೇಳಿದ್ದಾರಲ್ಲ ಎಂದು ಕೆಲವರು ಕೇಳಬಹುದು. ಹೌದು, ಅಂಥವನು ಈಗ ನಮ್ಮ ಬಾಳಿನಲ್ಲಿ ಪಾಲುಗಾರನಾಗಿಲ್ಲ ಎಂಬ ನಿಜವನ್ನು ಸಭೆ ಒಪ್ಪಿಕೊಳ್ಳಲೇಬೇಕು. ಆದರೆ ಸುಂಕದವರನ್ನು ಯೇಸುಸ್ವಾಮಿ ಹೇಗೆ ಕಂಡರು? ಅವರ ಮನೆಗಳಲ್ಲಿ ಊಟಕ್ಕೆ ಕುಳಿತರು. ಈ ಮಾತನ್ನು ನಮಗೆ ಉಳಿಸಿಕೊಟ್ಟ ಶುಭಸಂದೇಶಕ್ಕೆ ಯಾರ ಹೆಸರಿದೆಯೋ ಆ ಮತ್ತಾಯನೇ ಸುಂಕದ ಕಟ್ಟೆಯಿಂದ ಎದ್ದು ಬಂದವನು (9:9-13). ಕೊನೆಯ ಮೆಟ್ಟಿಲಿನಲ್ಲೂ ಪ್ರಭು ಹುಡುಕುವುದನ್ನು ನಿಲ್ಲಿಸುವುದಿಲ್ಲ.

ಬಲೆ ಸರಿಪಡಿಸುವ ಕೆಲಸ

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದಲ್ಲಿ (6:1), ಯಾರಾದರೂ ತಪ್ಪಿನಲ್ಲಿ ಸಿಕ್ಕಿಬಿದ್ದರೆ ಅವನನ್ನು ಸೌಮ್ಯಭಾವದಿಂದ ಸರಿಪಡಿಸಬೇಕು ಎನ್ನುತ್ತಾರೆ. ಅವರು ಬಳಸಿದ ಗ್ರೀಕ್ ಪದವೇ ಇನ್ನೊಂದು ಕಡೆ, ಜೆಬೆದಾಯನ ಮಕ್ಕಳು ದೋಣಿಯಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದರು ಎನ್ನುವಲ್ಲಿ ಬರುತ್ತದೆ (ಮತ್ತಾಯ 4:21). ವೈದ್ಯರು ಮುರಿದ ಮೂಳೆಯನ್ನು ಕೂಡಿಸುವುದಕ್ಕೂ ಗ್ರೀಕರು ಆ ಪದವನ್ನೇ ಬಳಸುತ್ತಿದ್ದರು. ನಮ್ಮ ಕರಾವಳಿಯಲ್ಲಿ ಮೀನುಗಾರರು ಹರಿದ ಬಲೆಯನ್ನು ಹೇಗೆ ಸರಿಮಾಡುತ್ತಾರೆ ನೋಡಿದ್ದೀರಾ? ನೆರಳಿನಲ್ಲಿ ಕುಳಿತು, ಬಲೆಯನ್ನು ಮಡಿಲಲ್ಲಿ ಹರಡಿಕೊಂಡು, ಹರಿದ ಕಣ್ಣು ಎಲ್ಲಿದೆ ಎಂದು ಬೆರಳಿನಿಂದ ಹುಡುಕಿ, ಒಂದೊಂದೇ ಗಂಟು ಹಾಕುತ್ತಾರೆ. ಬಲೆಯನ್ನು ಎಳೆದಾಡಿದರೆ ತೂತು ದೊಡ್ಡದಾಗುತ್ತದೆ. ಮೂಳೆ ಕೂಡಿಸುವವನ ಕೈ ಹೇಗಿರಬೇಕು ಎಂಬುದು, ಒಮ್ಮೆ ಕೈ ಮುರಿದುಕೊಂಡವರಿಗೆ ನಾನು ಹೇಳಬೇಕಾಗಿಲ್ಲ.

ಅದೇ ವಚನದಲ್ಲಿ ಪೌಲರು ಇನ್ನೊಂದು ಎಚ್ಚರಿಕೆ ಸೇರಿಸಿದ್ದಾರೆ. ತಿದ್ದಲು ಹೋಗುವವನು ತಾನೂ ಶೋಧನೆಗೆ ಒಳಗಾಗದಂತೆ ನೋಡಿಕೊಳ್ಳಬೇಕು. ಏನದು ಶೋಧನೆ? ಆ ಹುಡುಗನ ತಪ್ಪೇ ನನಗೂ ಅಂಟೀತು ಎಂಬುದು ಮಾತ್ರವಲ್ಲ. 'ನಾನು ಅವನಂತಲ್ಲ' ಎಂಬ ಭಾವ ನನ್ನೊಳಗೆ ಹೆಡೆಯೆತ್ತುವುದು ಅದಕ್ಕಿಂತ ದೊಡ್ಡ ಶೋಧನೆ. 2008ರ ಆ ಭಾನುವಾರ ನನ್ನಲ್ಲಿ ಇದ್ದದ್ದು ಅದೇ. ಹಬ್ಬದ ಲೆಕ್ಕವನ್ನು ಹಿರಿಯ ಗುರುಗಳಿಗೆ ಒಪ್ಪಿಸಬೇಕಾದ ಹೊಣೆ ನನ್ನದಾಗಿತ್ತು. ನನ್ನ ಹೆಸರು ಕೆಡಬಾರದೆಂಬ ಆತುರಕ್ಕೆ ನಾನು ಹುಡುಗನ ಹೆಸರನ್ನು ತೆತ್ತೆ.

ಪೌಲರು ಕಠಿಣವಾಗಿ ಮಾತಾಡಿದ್ದೂ ಉಂಟು. ಕೊರಿಂಥದ ಸಭೆಯಲ್ಲಿ ಘೋರ ಅನೀತಿಯಲ್ಲಿ ಬದುಕುತ್ತಿದ್ದ ಒಬ್ಬನನ್ನು ಹೊರಗಿಡುವಂತೆ ಅವರು ಮೊದಲ ಪತ್ರದಲ್ಲಿ ಬರೆದರು (ಅಧ್ಯಾಯ 5). ಅಲ್ಲಿಯೂ ಅವರು ಹೇಳಿದ ಗುರಿ ಆ ಮನುಷ್ಯನ ಆತ್ಮ ಕೊನೆಗೆ ಉಳಿಯಬೇಕು ಎಂಬುದೇ. ಎರಡನೆಯ ಪತ್ರದಲ್ಲಿ (2:5-8) ಸಭೆಯಿಂದ ದಂಡನೆಗೊಳಗಾದ ಒಬ್ಬನ ಬಗ್ಗೆ ಬರೆಯುತ್ತಾ, ಆದ ಶಿಕ್ಷೆ ಸಾಕು, ಇನ್ನು ಅವನನ್ನು ಕ್ಷಮಿಸಿ ಸಂತೈಸಬೇಕು, ಇಲ್ಲದಿದ್ದರೆ ಅತಿಯಾದ ದುಃಖದಲ್ಲಿ ಮುಳುಗಿಹೋದಾನು ಎಂದು ಬೇಡಿಕೊಳ್ಳುತ್ತಾರೆ. ಇಬ್ಬರೂ ಒಬ್ಬನೇ ಎಂದು ಪ್ರಾಚೀನ ವ್ಯಾಖ್ಯಾನಕಾರರಲ್ಲಿ ಹಲವರು ತಿಳಿದಿದ್ದರು, ಇಂದಿನ ಹಲವು ವಿದ್ವಾಂಸರು ಬೇರೆ ಬೇರೆ ಎನ್ನುತ್ತಾರೆ. ಯಾರೇ ಆಗಿರಲಿ, ನಮಗೆ ಬೇಕಾದ ಪಾಠ ಒಂದೇ. ಶಿಕ್ಷೆಗೆ ಒಂದು ಕೊನೆ ಇರಬೇಕು. ಆ ಕೊನೆಯನ್ನು ಸಭೆಯೇ ಗಟ್ಟಿಯಾಗಿ ಹೇಳಬೇಕು. ನಮ್ಮ ಊರುಗಳಲ್ಲಿ ಹುಡುಗನ ತಪ್ಪನ್ನು ಎಲ್ಲರೂ ಕೂಗಿ ಹೇಳುತ್ತೇವೆ. 'ಅದು ಮುಗಿಯಿತು, ಇನ್ನು ಆ ಮಾತು ಬೇಡ' ಎಂದು ಹೇಳುವವರು ಮಾತ್ರ ಸಿಗುವುದಿಲ್ಲ.

ಧರ್ಮಸಭೆಯ ಕಾನೂನು ಸಂಹಿತೆಯಲ್ಲೂ ಇದೇ ಮನೋಭಾವವಿದೆ. 1983ರ ಸಂಹಿತೆಯ ದಂಡನೆಯ ಭಾಗವನ್ನು 2021ರಲ್ಲಿ ಪರಿಷ್ಕರಿಸಲಾಯಿತು. ಪಾಲನೆಯ ದಾರಿಗಳಿಂದ, ಅದರಲ್ಲೂ ಸೋದರ ತಿದ್ದುವಿಕೆಯಿಂದ, ಎಚ್ಚರಿಕೆಯ ಮಾತಿನಿಂದ ಕೆಲಸವಾಗದಿದ್ದಾಗ ಮಾತ್ರ ದಂಡನೆಯ ವಿಚಾರಣೆಗೆ ಹೋಗಬೇಕು ಎಂದು 1341ನೆಯ ವಿಧಿ ತಿಳಿಸುತ್ತದೆ. ಹದಿನಾರು ವರ್ಷ ತುಂಬದವರಿಗೆ ಧರ್ಮಸಭೆಯ ದಂಡನೆ ತಗಲುವುದೇ ಇಲ್ಲ (1323). ಇನ್ನೊಬ್ಬರ ಒಳ್ಳೆಯ ಹೆಸರನ್ನು ನ್ಯಾಯವಿಲ್ಲದೆ ಕೆಡಿಸುವ ಹಕ್ಕು ಯಾರಿಗೂ ಇಲ್ಲ (220). ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯೂ ಕಾನೂನಿನ ಕೈಗೆ ಸಿಕ್ಕಿದ ಮಗುವಿನ ಹೆಸರು, ಚಿತ್ರ, ಗುರುತನ್ನು ಪತ್ರಿಕೆಗಳು ಪ್ರಕಟಿಸಬಾರದೆನ್ನುತ್ತದೆ. ಆ ಮಗುವಿಗೆ ಹೊಸದಾಗಿ ಬಾಳು ಆರಂಭಿಸುವ ಅವಕಾಶ ಇರಬೇಕೆನ್ನುತ್ತದೆ. ಸರ್ಕಾರದ ಕಾನೂನು ಮುಚ್ಚಿ ಕಾಪಾಡುವ ಹೆಸರನ್ನು ನಾವು ಪೀಠದ ಮುಂದೆ ಬಯಲು ಮಾಡುವುದು ಸರಿಯೇ?

ಡಾನ್ ಬೋಸ್ಕೊ ಕಂಡ ಹುಡುಗ

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಇಟಲಿಯ ಟ್ಯೂರಿನ್ ನಗರದ ಸಂತ ಫ್ರಾನ್ಸಿಸ್ ಅಸಿಸಿ ದೇವಾಲಯದಲ್ಲಿ ಡಾನ್ ಬೋಸ್ಕೊ ಪೂಜೆಗೆ ಸಿದ್ಧರಾಗುತ್ತಿದ್ದರು. ಆ ವರ್ಷವೇ ಗುರುವಾಗಿದ್ದ ಯುವಕ ಅವರು. ಉಡುಪಿನ ಕೋಣೆಯೊಳಗೆ ಒಬ್ಬ ಹದಿಹರೆಯದ ಹುಡುಗ ಬಂದು ನಿಂತಿದ್ದ. ಅಲ್ಲಿನ ಸೇವಕ ಅವನಿಗೆ ಪೂಜೆಗೆ ನೆರವಾಗಲು ಹೇಳಿದ. ಬರುವುದಿಲ್ಲ ಎಂದಾಗ ಕೋಲಿನಿಂದ ಹೊಡೆದು ಓಡಿಸಿದ. ಡಾನ್ ಬೋಸ್ಕೊ ಸೇವಕನನ್ನು ತಡೆದು, ಆ ಹುಡುಗ ತನ್ನ ಸ್ನೇಹಿತ, ಕೂಡಲೇ ಹಿಂದಕ್ಕೆ ಕರೆ ಎಂದರು. ಅದಕ್ಕೆ ಮೊದಲು ಅವರು ಆ ಹುಡುಗನನ್ನು ಕಂಡೇ ಇರಲಿಲ್ಲ! ಹುಡುಗನ ಹೆಸರು ಬಾರ್ತಲೊಮಿಯೊ ಗರೆಲ್ಲಿ. ತಂದೆತಾಯಿ ಇಲ್ಲದ, ಗಾರೆ ಕೆಲಸಕ್ಕೆ ನಗರಕ್ಕೆ ಬಂದ ಹುಡುಗ. ಪೂಜೆ ಮುಗಿದ ಮೇಲೆ ಅವನೊಡನೆ ಕುಳಿತು ಕಲಿಸಿದ ಮೊದಲ ಪಾಠದಿಂದಲೇ ತಮ್ಮ ಇಡೀ ಸೇವೆ ಬೆಳೆಯಿತೆಂದು ಡಾನ್ ಬೋಸ್ಕೊ ನೆನೆಯುತ್ತಿದ್ದರು.

ಅದೇ ದೇವಾಲಯದ ಅದೇ ಕೋಣೆಯಲ್ಲಿ ಒಂದು ಕೈ ಹೊಡೆಯಿತು, ಇನ್ನೊಂದು ಬಾಯಿ ಸ್ನೇಹಿತ ಎಂದು ಕರೆಯಿತು. ಎರಡೂ ಧರ್ಮಸಭೆಯ ಮುಖಗಳೇ. ಯಾವುದನ್ನು ತೋರಿಸುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

1877ರಲ್ಲಿ ತಮ್ಮ ಶಿಕ್ಷಣ ಕ್ರಮವನ್ನು ವಿವರಿಸುತ್ತಾ ಡಾನ್ ಬೋಸ್ಕೊ, ತೀರ ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಮಕ್ಕಳನ್ನು ಎಂದೂ ಎಲ್ಲರೆದುರು ತಿದ್ದಬಾರದು, ಗೆಳೆಯರಿಲ್ಲದಾಗ ಒಬ್ಬನನ್ನೇ ಕರೆದು ತಿದ್ದಬೇಕು ಎಂದು ಬರೆದರು. 1884ರಲ್ಲಿ ರೋಮಿನಿಂದ ಬರೆದ ಪತ್ರದಲ್ಲಿ, ಮಕ್ಕಳನ್ನು ನಾವು ಪ್ರೀತಿಸಿದರೆ ಸಾಲದು, ತಾವು ಪ್ರೀತಿಗೆ ಪಾತ್ರರು ಎಂಬುದು ಅವರಿಗೂ ತಿಳಿಯಬೇಕು ಎಂಬ ಅರ್ಥದ ಮಾತು ಬರುತ್ತದೆ. ನಮ್ಮ ಮನೆಗಳಿಗೂ ಧರ್ಮಕೇಂದ್ರಗಳಿಗೂ ಇದಕ್ಕಿಂತ ಬೇರೆ ಔಷಧ ಬೇಕೇ? ತಪ್ಪು ಮಾಡಿದ ದಿನ ಮಾತ್ರ ನಾವು ಮಾತಾಡಿಸುವ ಹುಡುಗನಿಗೆ ನಮ್ಮ ಮಾತು ಪ್ರೀತಿಯಿಂದ ಬಂತೆಂದು ಹೇಗೆ ಗೊತ್ತಾಗಬೇಕು?

ಮುಚ್ಚಿಡುವುದು ಪ್ರೀತಿಯಲ್ಲ

ಗುಟ್ಟಾಗಿ ತಿದ್ದುವುದೆಂದರೆ ಎಲ್ಲವನ್ನೂ ಗುಟ್ಟಾಗಿಯೇ ಇಡಬೇಕೆಂದು ಅರ್ಥವಲ್ಲ. ಸಂತ ಥಾಮಸ್ ಅಕ್ವಿನಾಸರು ಇಲ್ಲಿ ಒಂದು ಬೆಲೆಯುಳ್ಳ ಭೇದವನ್ನು ತೋರಿಸಿಕೊಟ್ಟಿದ್ದಾರೆ. ತಪ್ಪಿದವನ ಒಳಿತಿಗಾಗಿ ಮಾಡುವ ತಿದ್ದುವಿಕೆ ಪ್ರೀತಿಯ ಕಾರ್ಯ. ಇತರರ ಹಾಗೂ ಸಮಾಜದ ರಕ್ಷಣೆಗಾಗಿ ಮಾಡುವ ತಿದ್ದುವಿಕೆ ನ್ಯಾಯದ ಕಾರ್ಯ. ಮೊದಲನೆಯದರಿಂದ ಅವನು ಇನ್ನಷ್ಟು ಕೆಡುತ್ತಾನೆ ಎನಿಸಿದರೆ ಸುಮ್ಮನಿದ್ದು ಸಮಯ ಕಾಯಬಹುದು. ಎರಡನೆಯದನ್ನು ಅವನಿಗೆ ಬೇಸರವಾದೀತೆಂಬ ಕಾರಣಕ್ಕೆ ಬಿಡುವಂತಿಲ್ಲ.

ಆದ್ದರಿಂದ ಒಬ್ಬ ಯುವಕನ ಕೈಯಿಂದ ಇನ್ನೊಂದು ಮಗುವಿಗೆ ಹಾನಿಯಾಗಿದ್ದರೆ, ಮೊದಲು ಹಾನಿಗೊಳಗಾದ ಮಗುವಿನ ಪಕ್ಕ ನಿಲ್ಲಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆ ವಿಧಿಸುತ್ತದೆ. 'ಒಳ್ಳೆಯ ಮನೆತನದ ಹುಡುಗ, ಒಳಗೇ ಮುಗಿಸೋಣ' ಎನ್ನುವುದು ಆ ಮಗುವಿಗೆ ಮಾಡುವ ಎರಡನೆಯ ಅನ್ಯಾಯ. ತಪ್ಪು ಮಾಡಿದವರು ದೊಡ್ಡವರೇ ಆಗಿರಲಿ, ಗುರುಗಳೇ ಆಗಿರಲಿ, ಈ ಮಾತು ಬದಲಾಗದು. ಸಂಕಟದಲ್ಲಿರುವ ಮಕ್ಕಳ ಸಹಾಯವಾಣಿ 1098 ಎಂಬುದನ್ನು ಪ್ರತಿ ಧರ್ಮೋಪದೇಶ ತರಗತಿಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು. ಅಪರಾಧ ಮಾಡಿದ ಹುಡುಗನನ್ನು ಆಮೇಲೂ ನಾವು ಕೈಬಿಡಬಾರದು. ಅವನನ್ನು ಹೋಗಿ ಕಾಣಬೇಕು, ಅವನಿಗಾಗಿ ಪ್ರಾರ್ಥಿಸಬೇಕು. ಆದರೆ ಕಾನೂನಿನಿಂದ ಬಚ್ಚಿಡಬಾರದು.

ಪಾಪನಿವೇದನೆಯಲ್ಲಿ ಕೇಳಿದ ಮಾತು ಬೇರೆಯೇ. ಅದು ಗುರುವಿನ ಎದೆಯೊಳಗೆ ಹೂತುಹೋಗಬೇಕಾದದ್ದು. ತಿದ್ದುವ ನೆಪದಿಂದಲೂ ಅದನ್ನು ಹೊರಗೆ ಬಳಸುವಂತಿಲ್ಲ. "ನನ್ನ ಮಗ ನಿಮ್ಮ ಹತ್ತಿರ ಏನು ಹೇಳಿದ ಫಾದರ್?" ಎಂದು ಕೆಲವು ತಾಯಂದಿರು ಪ್ರೀತಿಯಿಂದಲೇ ಕೇಳುತ್ತಾರೆ. ದಯವಿಟ್ಟು ಕೇಳಬೇಡಿ. ಆ ಒಂದು ಬಾಗಿಲಾದರೂ ಭಯವಿಲ್ಲದೆ ಅವನಿಗೆ ತೆರೆದಿರಲಿ.

ನಮ್ಮ ಧರ್ಮಕೇಂದ್ರದಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದೆ ನಾನು ಮುಖ್ಯಗುರುವಾಗಿದ್ದ ಧರ್ಮಕೇಂದ್ರದ ಹಬ್ಬದ ರಾತ್ರಿ. ಐವರು ಹುಡುಗರು ಕುಡಿದು ಬಂದು ಮೆರವಣಿಗೆಯ ಹಿಂದೆ ಜಗಳವಾಡಿದರು. ಬಾಡಿಗೆಗೆ ತಂದಿದ್ದ ಸೀರಿಯಲ್ ಲೈಟುಗಳನ್ನು ಕಿತ್ತು ಹಾಕಿದರು. ಮಾರನೆಯ ದಿನ ಪಾಲನಾ ಸಮಿತಿ ಸೇರಿತು. ಅವರ ಹೆಸರುಗಳನ್ನು ಫಲಕದ ಮೇಲೆ ಹಾಕಬೇಕು, ಸಭಾಂಗಣಕ್ಕೆ ಕಾಲಿಡದಂತೆ ಮಾಡಬೇಕು ಎಂದರು ಕೆಲವರು. ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಯಾರೋ ಚಿತ್ರ ಹಾಕಿಯಾಗಿತ್ತು. ಇಂದಿನ ದಿನಗಳಲ್ಲಿ ಪೀಠ ಹತ್ತದೆಯೇ ಯಾರು ಬೇಕಾದರೂ ಪ್ರಕಟಣೆ ಓದಬಹುದು! ಮೊದಲು ಆ ಚಿತ್ರವನ್ನು ತೆಗೆಸಿದೆವು.

ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. "ಈ ಐವರ ಮನೆಯೊಳಗೆ ಹೋಗಿ ಕೂತು ಮಾತಾಡುವಷ್ಟು ಸಲಿಗೆ ನಮ್ಮಲ್ಲಿ ಯಾರಿಗಿದೆ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದಿನ ಕುರ್ಚಿಯಿಂದ ವಯಸ್ಸಾದ ಉಪದೇಶಿಗಳು, "ಅವರಿಗೆಲ್ಲ ಮೊದಲ ಪರಮಪ್ರಸಾದಕ್ಕೆ ಪಾಠ ಹೇಳಿದವನು ನಾನೇ ಫಾದರ್. ನಾನು ಹೋಗ್ತೀನಿ" ಎಂದರು. ಒಂದು ವಾರ ಅವರು ಮನೆಮನೆ ತಿರುಗಿದರು. ನಾಲ್ವರು ಬಂದರು. ಲೈಟಿನವನ ಬಳಿ ಹೋಗಿ ತಪ್ಪೊಪ್ಪಿಕೊಂಡು, ರಜಾದಿನಗಳಲ್ಲಿ ಅಡುಗೆ ಬಡಿಸುವ ಕೆಲಸಕ್ಕೆ ಹೋಗಿ ಕಂತಿನಲ್ಲಿ ಹಣ ತೀರಿಸಿದರು. ಮರುವರ್ಷ ಮೆರವಣಿಗೆಯಲ್ಲಿ ದಾರಿ ಬಿಡಿಸುವ ಹೊಣೆಯನ್ನು ಆ ನಾಲ್ವರಿಗೇ ಕೊಟ್ಟೆವು. ಐದನೆಯವನು ಬರಲಿಲ್ಲ. ಉಪದೇಶಿಗಳು ಹೋಗುವುದನ್ನೂ ಬಿಡಲಿಲ್ಲ.

ಈ ಅನುಭವದಿಂದ ಐದು ಮಾತುಗಳನ್ನು ನಾವು ಬರೆದಿಟ್ಟುಕೊಂಡೆವು. ನಿಮ್ಮಲ್ಲಿಯೂ ಉಪಯೋಗವಾದೀತು.

1. ಕೇಳಿದ್ದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮೂವರು ಹೇಳಿದರು ಎಂಬುದು ಸಾಕ್ಷಿಯಲ್ಲ. ಮೂವರಿಗೂ ಒಬ್ಬನೇ ಹೇಳಿರಬಹುದು.

2. ಒಬ್ಬರೇ ಹೋಗಿ. ಪದವಿ ಇರುವವರಿಗಿಂತ ಸಲಿಗೆ ಇರುವವರು ಹೋಗಲಿ. ಅದು ಉಪದೇಶಿಯಾಗಿರಬಹುದು, ಸಿಸ್ಟರ್ ಆಗಿರಬಹುದು, ಸೋದರಮಾವನೋ ಅತ್ತೆಯೋ ಆಗಿರಬಹುದು.

3. ಅವರ ಮಾತು ಪೂರ್ತಿ ಕೇಳಿ. ತಪ್ಪಿನ ಹಿಂದೆ ಸಾಲ, ಭಯ, ಮದ್ಯದ ಚಟ, ಮನೆಯ ಜಗಳ ಏನಿದೆಯೋ ನಮಗೆ ತಿಳಿಯದು. ಕಾರಣ ತಿಳಿದರೆ ತಪ್ಪು ಒಪ್ಪಾಗುವುದಿಲ್ಲ. ಆದರೆ ಔಷಧ ಯಾವುದೆಂದು ತಿಳಿಯುತ್ತದೆ.

4. ನಷ್ಟ ತುಂಬಿಕೊಡುವ ದಾರಿಯನ್ನು ಅವರೇ ಹೇಳಲಿ. ಯೇಸು ಮೊದಲು ಜಕ್ಕಾಯನ ಮನೆಗೆ ಹೋದರು. ನಾಲ್ಕರಷ್ಟು ಹಿಂದಿರುಗಿಸುತ್ತೇನೆಂಬ ಮಾತು ಜಕ್ಕಾಯನ ಬಾಯಿಂದಲೇ ಬಂತು (ಲೂಕ 19:1-10).

5. ಹಿಂದಿರುಗುವ ದಾರಿಯನ್ನು ಮೊದಲೇ ಸಿದ್ಧಮಾಡಿಡಿ. ಎಷ್ಟು ದಿನ, ಆಮೇಲೆ ಯಾವ ಕೆಲಸ ಎಂಬುದನ್ನು ತಿದ್ದುವ ದಿನವೇ ಹೇಳಿ. ಮುಗಿದ ಮೇಲೆ ಆ ಮಾತನ್ನು ಯಾರೂ ಎತ್ತದಿರಲಿ.

ಇವುಗಳ ಜೊತೆಗೆ ಇನ್ನೊಂದು ಮಾತನ್ನು ನೋವಿನಿಂದ ಹೇಳಬೇಕಾಗಿದೆ. ಹುಡುಗ ತಪ್ಪಿದರೆ 'ವಯಸ್ಸು' ಎನ್ನುತ್ತೇವೆ, ಹುಡುಗಿ ತಪ್ಪಿದರೆ 'ಮಾನ' ಎನ್ನುತ್ತೇವೆ. ಒಂದೇ ತಪ್ಪಿಗೆ ಅವನಿಗೆ ಬುದ್ಧಿಮಾತು, ಅವಳಿಗೆ ಓದು ನಿಲ್ಲಿಸಿ ಅವಸರದ ಮದುವೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸುವಿನ ಮುಂದೆ ಎಳೆದುತಂದವರು ಗಂಡಸನ್ನು ಎಲ್ಲಿ ಬಿಟ್ಟುಬಂದಿದ್ದರು (ಯೊವಾನ್ನ 8:1-11)? ಯೇಸು ಅವಳನ್ನು ದಂಡಿಸಲಿಲ್ಲ. ಇನ್ನು ಪಾಪ ಮಾಡಬೇಡವೆಂದೂ ಹೇಳಿ ಕಳುಹಿಸಿದರು. ಅದನ್ನು ಹೇಳಿದ್ದು ಎಲ್ಲರೂ ಹೊರಟುಹೋದ ಮೇಲೆ, ಅವಳೊಬ್ಬಳೇ ಇದ್ದಾಗ ಎಂಬುದನ್ನು ಗಮನಿಸಿ.

ತಂದೆತಾಯಂದಿರಿಗೆ

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ಬೆತ್ತ ಹಿಡಿದುಕೊಂಡೇ ಹೇಳುವವರಿದ್ದಾರೆ. ಗಿಡವನ್ನು ಬಗ್ಗಿಸುವ ತೋಟಗಾರ ಅದನ್ನು ಹೊಡೆಯುವುದಿಲ್ಲ. ಪಕ್ಕದಲ್ಲಿ ಊರುಗೋಲು ನೆಟ್ಟು ಸಡಿಲವಾಗಿ ಕಟ್ಟುತ್ತಾನೆ. ಮಕ್ಕಳ ಮನ ಕುಗ್ಗದಂತೆ ಅವರನ್ನು ಕೆಣಕಬಾರದೆಂದು ಸಂತ ಪೌಲರು ತಂದೆಯರಿಗೆ ಹೇಳಿದ್ದಾರೆ (ಕೊಲೊಸ್ಸೆಯರಿಗೆ 3:21). ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಶಾಲೆಯಲ್ಲಿ ಸಲ್ಲದ್ದು ಮನೆಯಲ್ಲಿ ಸಂದೀತೇ?

ಸಂತ ಮೋನಿಕಳ ನೆನಪು ಇಲ್ಲಿ ನಮಗೆ ಧೈರ್ಯ ಕೊಡುತ್ತದೆ. ಮಗ ಅಗಸ್ಟೀನ್ ಮಣಿಕೇಯರ ಪಂಥ ಸೇರಿ ಊರಿಗೆ ಬಂದಾಗ, ಅವನೊಡನೆ ಒಂದೇ ಮೇಜಿನಲ್ಲಿ ಊಟ ಮಾಡಲು ಅವಳು ಒಪ್ಪಲಿಲ್ಲ. ಆಮೇಲೆ ಒಂದು ಕನಸು ಕಂಡಳು. ಮಗ ತಾನು ನಿಂತಲ್ಲೇ ನಿಂತಿರುವುದನ್ನು ಆ ಕನಸಿನಲ್ಲಿ ನೋಡಿ, ಅವನನ್ನು ಮತ್ತೆ ಮೇಜಿಗೆ ಸೇರಿಸಿಕೊಂಡಳು. ಗಮನಿಸಿ, ಅವನು ಆಗ ಬದಲಾಗಿರಲಿಲ್ಲ. ಮಗನಿಗೆ ಬುದ್ಧಿ ಹೇಳಿ ಎಂದು ಒಬ್ಬ ಧರ್ಮಾಧ್ಯಕ್ಷರನ್ನು ಕಾಡಿದಾಗ, ಸದ್ಯಕ್ಕೆ ಅವನು ಕೇಳುವ ಸ್ಥಿತಿಯಲ್ಲಿಲ್ಲ, ಬಿಟ್ಟು ಪ್ರಾರ್ಥಿಸು ಎಂದರು ಅವರು. ಇಷ್ಟು ಕಣ್ಣೀರಿನ ಮಗ ಹಾಳಾಗಲಾರನೆಂಬ ಭರವಸೆಯನ್ನೂ ಕೊಟ್ಟರು. ಅಲ್ಲಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದು, 387ರ ಪಾಸ್ಖ ಹಬ್ಬದಲ್ಲಿ ಅಗಸ್ಟೀನ್ ಮಿಲಾನಿನಲ್ಲಿ ಸಂತ ಆಂಬ್ರೋಸರಿಂದ ದೀಕ್ಷಾಸ್ನಾನ ಪಡೆದ. ಆ ವರ್ಷವೇ ಮೋನಿಕ ತೀರಿಕೊಂಡಳು. ಈ ಎಲ್ಲ ವರ್ಷಗಳಲ್ಲಿ ಅವಳು ಮಗನ ತಪ್ಪನ್ನು ಸರಿ ಎನ್ನಲಿಲ್ಲ, ಅವನ ತಟ್ಟೆಯನ್ನೂ ಮತ್ತೆ ಮೇಜಿನಿಂದ ತೆಗೆಯಲಿಲ್ಲ.

ಕೆಂಡದ ಬಳಿ

ಪೇತ್ರ ಪ್ರಭುವನ್ನು ಅರಿಯೆನೆಂದದ್ದು ಇದ್ದಿಲ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತಾಗ (ಯೊವಾನ್ನ 18:18). ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಪ್ರಭು ಹಚ್ಚಿಟ್ಟದ್ದೂ ಇದ್ದಿಲ ಬೆಂಕಿಯೇ (21:9). ಅದರ ಮೇಲೆ ಮೀನಿತ್ತು, ಪಕ್ಕದಲ್ಲಿ ರೊಟ್ಟಿಯಿತ್ತು. ಪ್ರಭು ಮೊದಲು ಊಟಕ್ಕೆ ಕರೆದರು. ಊಟವಾದ ಮೇಲೆ ತಮ್ಮನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಪೇತ್ರನಿಗೆ ನೋವಾಯಿತು. ತಿದ್ದುವಿಕೆಯಲ್ಲಿ ಆ ನೋವು ತಪ್ಪದು. ಆದರೆ ಪ್ರತಿ ಉತ್ತರಕ್ಕೂ ಪ್ರಭು ಅವನಿಗೆ ಒಂದು ಹೊಣೆ ಕೊಟ್ಟರು, ತಮ್ಮ ಕುರಿಗಳನ್ನೇ ವಹಿಸಿಕೊಟ್ಟರು. ಮೊದ

ಲು ಊಟ, ಆಮೇಲೆ ಪ್ರಶ್ನೆ, ಕೊನೆಗೆ ಜವಾಬ್ದಾರಿ. ಇದನ್ನು ಬಿಟ್ಟು ಬೇರೆ ಕ್ರಮ ನಮಗೆ ಬೇಡ.

ತಬಲ ನುಡಿಸುತ್ತಿದ್ದ ಹುಡುಗನನ್ನು ನಾನು ಎರಡು ವರ್ಷದ ಹಿಂದೆ ಅವನ ತಾಯಿಯ ಮಣ್ಣಿಗೆ ಹೋದಾಗ ಕಂಡೆ. ಈಗ ಅವನಿಗೆ ಇಬ್ಬರು ಮಕ್ಕಳು. ಸಮಾಧಿಯ ಬಳಿ ಜನ ಕರಗಿದ ಮೇಲೆ ಅವನ ಬಳಿ ಹೋಗಿ, "ಅವತ್ತು ನಾನು ಮಾಡಿದ್ದು ತಪ್ಪಪ್ಪ. ಕ್ಷಮಿಸು" ಎಂದೆ. ಅವನು ಸ್ವಲ್ಪ ಹೊತ್ತು ನೆಲ ನೋಡುತ್ತಾ ನಿಂತ. "ಬಿಡಿ ಫಾದರ್, ಹಳೇ ಮಾತು" ಎಂದ. ಇದನ್ನು ಬರೆಯಲೇ ಎಂದು ಈಚೆಗೆ ಫೋನಿನಲ್ಲಿ ಕೇಳಿದಾಗ, "ಊರು ಹೆಸರು ಹಾಕಬೇಡಿ, ಇನ್ನೊಬ್ಬ ಹುಡುಗನಿಗೆ ಹೀಗಾಗದಿದ್ದರೆ ಸಾಕು" ಎಂದ. ಅವನು ಪೂಜೆಗೆ ಹೋಗುತ್ತಾನೋ ಇಲ್ಲವೋ ನಾನು ಕೇಳಿಲ್ಲ. ಕೇಳುವ ಸಲಿಗೆಯನ್ನು ಇನ್ನೂ ಸಂಪಾದಿಸಬೇಕಾಗಿದೆ.

ಮನೆಯಲ್ಲಿ ಕೂಡಿ ಚಿಂತಿಸಲು

1. ನಮ್ಮ ಮನೆಯಲ್ಲಿ ಯಾರ ಹಳೆಯ ತಪ್ಪನ್ನು ಇನ್ನೂ ಎತ್ತಿ ಆಡುತ್ತಿದ್ದೇವೆ? ಅದು ಮುಗಿಯಿತೆಂದು ಇಂದು ಹೇಳಬಹುದೇ?

2. ನಮ್ಮ ಬೀದಿಯಲ್ಲಿ ದೇವಾಲಯಕ್ಕೆ ಬರುವುದನ್ನು ನಿಲ್ಲಿಸಿದ ಯುವಕ ಯುವತಿಯರು ಯಾರು? ಅವರ ಮನೆಗೆ ಹೋಗುವ ಸಲಿಗೆ ನಮ್ಮಲ್ಲಿ ಯಾರಿಗಿದೆ?

3. ಮಕ್ಕಳೇ, ನೀವು ತಪ್ಪು ಮಾಡಿದಾಗ ಮೊದಲು ಯಾರಿಗೆ ಹೇಳಲು ಧೈರ್ಯ ಬರುತ್ತದೆ? ಏಕೆ?

ಪ್ರಾರ್ಥನೆ

ಒಳ್ಳೆಯ ಕುರುಬರಾದ ಯೇಸುವೇ, ನಮ್ಮ ಮಕ್ಕಳಲ್ಲಿ ದಾರಿ ತಪ್ಪಿದವರನ್ನು ನಮಗಿಂತ ಮೊದಲೇ ನೀವು ಹುಡುಕುತ್ತಿದ್ದೀರಿ. ನಮ್ಮ ನಾಲಿಗೆಗೆ ತಾಳ್ಮೆಯನ್ನೂ ನಮ್ಮ ಕಾಲುಗಳಿಗೆ ಅವರ ಮನೆಯ ದಾರಿಯನ್ನೂ ಕೊಡಿರಿ. ನಾವು ಕಟುವಾಗಿ ನಡೆದು ದೂರ ಮಾಡಿದವರನ್ನು ನಿಮ್ಮ ಮೇಜಿಗೆ ಮತ್ತೆ ಕರೆತನ್ನಿರಿ. ಆಮೆನ್.